45 ಅಕ್ಷರಗಳ ಒಂದು ಪದ

ಪರಪ್ರಾಂತದ ದೊಡ್ಡ ಊರಿನಲ್ಲಿ ಕನ್ನಡ ಶಾಲೆಗೆ ಹೋಗುವ ಮಕ್ಕಳಿಗೆ ಇಂಗ್ಲಿಷಿನ ಅಂಜಿಕೆ ಸಹಜವಾದುದು. ನೆರೆಮನೆಯ ಹುಡುಗನು ಮಾರುದ್ದದ ಇಂಗ್ಲಿಷ್ ಪದವೊಂದನ್ನು ಉರುಹೊಡೆದು ಒಪ್ಪಿಸಿದನೆಂದರೆ ನಮ್ಮ ಮಕ್ಕಳ ಬಾಯಿ ಕಟ್ಟಿಹೋಗುತ್ತದೆ. ಮೆಟ್ರಿಕ್‌ವರೆಗೆ ಕನ್ನಡದಲ್ಲಿಯೇ ಓದಿದ ನನಗೂ ಈ ಅಂಜಿಕೆ ಅಪರಿಚಿತವಲ್ಲ. ಆದುದರಿಂದಲೇ ಅಂಥ ಪದಗಳಲ್ಲಿ ಬಲು ಉದ್ದವಾದುದೊಂದನ್ನು ಬಿಡಿಸಿ ನೋಡುವ ಕುತೂಹಲ ನನಗುಂಟಾಯಿತು.

‘ನ್ಯೂಮೊನೊಅಲ್ಟ್ರಾಮೈಕ್ರೊಸ್ಕೋಪಿಕ್‌ಸಿಲಿಕೊವೊಲ್ಕೆನೊಕೋನಿಯೋಸಿಸ್’ ಎಂಬುದೇ ಆ ಪದ. ಇಂಗ್ಲಿಷ್ ಲಿಪಿಯಲ್ಲಿ ಇದಕ್ಕೆ 45 ಅಕ್ಷರಗಳು. ವ್ಯಾಕರಣದ ತರಗತಿಯಲ್ಲಿ ಸಮಾಸವನ್ನು ಬಿಡಿಸುವಂತೆ ಇದನ್ನೂ ಬಿಡಿಸಬಹುದು. ‘ನ್ಯೂಮೊನೊ’ ಎಂದರೆ ಶ್ವಾಸಕೋಶ, ‘ಅಲ್ಟ್ರಾಮೈಕ್ರೊಸ್ಕೋಪಿಕ್’ ಎಂದರೆ ಅತಿಸೂಕ್ಷ್ಮ, ‘ಸಿಲಿಕೊ’ ಮರಳುಕಲ್ಲಿನ ಸತ್ತ್ವವಾದ ಸಿಲಿಕ, ‘ವೊಲ್ಕೆನೊ’ ಅಗ್ನಿಪರ್ವತ, ‘ಕೋನಿ’ ಗ್ರೀಕರ ದೂಳು, ‘ಓಸಿಸ್’ ರೋಗಸ್ಥಿತಿ. ಎಲ್ಲವನ್ನೂ ಕೂಡಿಸಿದರೆ, ಅಗ್ನಿಪರ್ವತದ ನುಣ್ಣನೆಯ ದೂಳನ್ನು ಉಸಿರಾಡಿದುದರಿಂದ ಶ್ವಾಸಕೋಶಕ್ಕೆ ತಗಲುವ ರೋಗ ಎಂದಾಯಿತು.

ಇದನ್ನು ಹುಟ್ಟಿಸಿದವರು ವೈದ್ಯರಲ್ಲ. 1935ರಲ್ಲಿ ನ್ಯೂಯಾರ್ಕಿನಲ್ಲಿ ಸೇರಿದ ಒಗಟುಪ್ರಿಯರ ರಾಷ್ಟ್ರೀಯ ಸಂಘದ ಅಧ್ಯಕ್ಷ ಎವೆರೆಟ್ ಸ್ಮಿತ್ ಎಂಬವರು, ಎಲ್ಲಕ್ಕಿಂತ ಉದ್ದವಾಗಲೆಂದೇ ಇದನ್ನು ಹೊಸೆದರು. ಪತ್ರಿಕೆಯಲ್ಲಿ ಅಚ್ಚಾಯಿತು, ಕೆಲವು ವರ್ಷಗಳಲ್ಲಿ ನಿಘಂಟನ್ನೂ ಸೇರಿತು. ವೈದ್ಯರಿಗೆ ‘ಸಿಲಿಕೋಸಿಸ್’ ಎಂಬ ಚಿಕ್ಕ ಹೆಸರೇ ಸಾಕು.

ಇದರ ತಮ್ಮನಂತಿರುವ ಇನ್ನೊಂದು ಪದ ‘ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಷನ್’. ಉಣ್ಣೆಯ ಎಳೆ, ಕೂದಲು ಮೊದಲಾದ ಕ್ಷುದ್ರ ವಸ್ತುಗಳನ್ನು ಹೇಳುವ ನಾಲ್ಕು ಲ್ಯಾಟಿನ್ ಪದಗಳನ್ನು ಪೋಣಿಸಿದ 29 ಅಕ್ಷರಗಳ ಸರ. ಯಾವುದನ್ನಾದರೂ ಬೆಲೆಯಿಲ್ಲದುದೆಂದು ಎಣಿಸುವುದು ಎಂದು ಅರ್ಥ. ನಾವು ಒಂದೇ ಹುಲ್ಲುಕಡ್ಡಿಯನ್ನು ಹಿಡಿದು ‘ತೃಣೀಕರಿಸುವುದು’ ಎಂದುಬಿಡುತ್ತೇವೆ!

ಪದವೇನೋ ಆಟದ್ದು, ರೋಗ ಆಟದ್ದಲ್ಲ. ಅದಕ್ಕೆ ಅಗ್ನಿಪರ್ವತವೇ ಬೇಕೆಂದಿಲ್ಲ, ಕಲ್ಲಿನ ದೂಳು ಸಾಕು. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳಲ್ಲಿ ಬಂಡೆ ಕೊರೆದವರಿಗೆ ಅದು ತಗುಲಿತು. ಮಧ್ಯಪ್ರದೇಶದ ಮಂದಸೌರಿನಲ್ಲಿ, ಮಕ್ಕಳು ಸ್ಲೇಟಿನ ಮೇಲೆ ಬರೆಯುವ ಬಳಪವನ್ನು ಕೊಯ್ದು ಕೊಟ್ಟವರಿಗೂ ತಗುಲಿತು. ಒಮ್ಮೆ ಕೆಟ್ಟ ಶ್ವಾಸಕೋಶ ಮತ್ತೆ ಮೊದಲಿನಂತಾಗದು. ನಮ್ಮ ಮೊದಲ ಅಕ್ಷರಗಳು ಮೂಡಿದುದು ಅಂಥವರ ಉಸಿರಿನ ಬೆಲೆಗೆ ಎಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ವಿದ್ಯಾರ್ಥಿಗಳೇ, ಉದ್ದದ ಪದ ಎದುರಾದಾಗ ಹೆದರದಿರಿ, ಬಿಡಿಸಿ ನೋಡಿರಿ. ಮುಂದೆ ನಿಮ್ಮಲ್ಲಿ ಕೆಲವರು ವೈದ್ಯರಾಗುವಿರಿ, ಇಂಜಿನಿಯರರಾಗುವಿರಿ. ಆಗ 45 ಅಕ್ಷರಗಳ ಪದ ಪುಸ್ತಕದಲ್ಲಿಯೇ ಇರಲಿ. ಕಲ್ಲು ಒಡೆಯುವವನ ಬಳಿ ನಿಂತು, “ಅಪ್ಪಾ, ಈ ದೂಳು ಎದೆಗಿಳಿಯುತ್ತದೆ, ನೀರು ಹೊಡೆದು ಕೆಲಸ ಮಾಡು” ಎಂದು ಅವನ ಮಾತಿನಲ್ಲಿಯೇ ಹೇಳಬಲ್ಲವರಾಗಿರಿ.