ನಕ್ಷತ್ರ ಎಣಿಸ್ತಾ ಕೂತವನ ಉತ್ತರ



ನಿನ್ನೆ ಹಾಕಿದ ಒರಾಯನ್ ನೆಬ್ಯುಲಾ ಫೋಟೋಗೆ ಎರಡು ಥರದ ಕಾಮೆಂಟ್ ಬಂದಿವೆ. "ಅಣ್ಣಾ, ಇದು ಎಐ ತಾನೆ?" ಅನ್ನೋದು ಒಂದು. "ಹೋರಾಟ ಬಿಟ್ಟು ನಕ್ಷತ್ರ ಎಣಿಸ್ತಾ ಕೂತ್ರಾ?" ಅನ್ನೋದು ಇನ್ನೊಂದು. ಮೊದಲನೇದಕ್ಕೆ ಉತ್ತರ ಸುಲಭ.

ಜನವರಿಯಲ್ಲಿ ರಾತ್ರಿ ಹತ್ತರ ಹೊತ್ತಿಗೆ ನೆತ್ತಿಯ ಹತ್ತಿರ ಸಾಲಾಗಿ ಮೂರು ಚುಕ್ಕಿ ಕಾಣ್ತವಲ್ಲ, ಅದರ ದಕ್ಷಿಣಕ್ಕೆ ಮಬ್ಬಾಗಿ ಒಂದು ಮಚ್ಚೆ ಇದೆ. ಅದೇ ಇದು. ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಅನಿಲ, ದೂಳಿನ ಮೋಡ, ಸುಮಾರು 1,300 ಜ್ಯೋತಿರ್ವರ್ಷ ದೂರ. ಭೂಮಿ ಗಂಟೆಗೆ 15 ಡಿಗ್ರಿ ತಿರುಗೋದರಿಂದ, ಸುಮ್ನೆ ಸ್ಟ್ಯಾಂಡ್ ಮೇಲಿಟ್ಟ ಕ್ಯಾಮೆರಾದಲ್ಲಿ 135 ಎಂಎಂ ಲೆನ್ಸಿಗೆ ಮೂರ್ನಾಲ್ಕು ಸೆಕೆಂಡಿಗೇ ಚುಕ್ಕಿ ಗೆರೆಯಾಗುತ್ತೆ. ಅದಕ್ಕೆ ಟ್ರ್ಯಾಕರ್ ಬೇಕು, ಅದನ್ನ ಧ್ರುವ ನಕ್ಷತ್ರಕ್ಕೆ ಗುರಿ ಇಡಬೇಕು. ನಮ್ಮ ಚಾಮರಾಜನಗರದ ಕಡೆ ಧ್ರುವ ನಕ್ಷತ್ರ ದಿಗಂತದಿಂದ ಬರೀ 12 ಡಿಗ್ರಿ ಮೇಲೆ. ಕೇರಿಯಿಂದ ನೋಡಿದ್ರೆ ಆ ದಿಕ್ಕಿಗೆ ದೊಡ್ಡಮನೆಯವರ ತೆಂಗಿನ ತೋಟ ಅಡ್ಡ. ಹಾಗಾಗಿ ಕೆರೆ ಏರಿಗೇ ಹೋಗಬೇಕು.

60 ಸೆಕೆಂಡಿನ 100 ಫ್ರೇಮ್ ತೆಗೆದಿದ್ದೀನಿ. ನಡುಭಾಗ ತುಂಬಾ ಬೆಳಗಿ ಸುಟ್ಟುಹೋಗುತ್ತೆ, ಅದಕ್ಕೆ ಬೇರೆಯಾಗಿ 5 ಸೆಕೆಂಡಿನವು ಒಂದಿಷ್ಟು. ಒಂದೇ ಫ್ರೇಮ್ ನೋಡಿದ್ರೆ ನಿರಾಸೆ, ಎಲ್ಲಾ ಕಡೆ ಕಾಳು ಕಾಳು ನಾಯ್ಸ್. ಆದ್ರೆ ನಾಯ್ಸ್ ಫ್ರೇಮಿಂದ ಫ್ರೇಮಿಗೆ ಬದಲಾಗುತ್ತೆ, ನೆಬ್ಯುಲಾ ಇದ್ದಲ್ಲೇ ಇರುತ್ತೆ. ಸಿರಿಲ್ ಅನ್ನೋ ಉಚಿತ ಸಾಫ್ಟ್‌ವೇರಿನಲ್ಲಿ ನೂರನ್ನೂ ಪೇರಿಸಿ ಸರಾಸರಿ ತೆಗೆದ್ರೆ ಆ ನಾಯ್ಸ್ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತೆ. ಲೆನ್ಸಿಗೆ ಮುಚ್ಚಳ ಹಾಕಿ ಡಾರ್ಕ್ ಫ್ರೇಮ್, ಬೆಳಗ್ಗೆ ಬಿಳಿ ಬನಿಯನ್ ಬಿಗಿದು ಫ್ಲಾಟ್ ಫ್ರೇಮ್, ಅದೂ ಬೇಕು. ಇಷ್ಟಾದ್ರೂ ಚಿತ್ರ ಕಪ್ಪೇ ಇರುತ್ತೆ. ಇರೋದೆಲ್ಲಾ ಕಪ್ಪಿನ ಪಕ್ಕದ ಒಂದು ಸಣ್ಣ ಮೂಲೆಯಲ್ಲಿ ಒತ್ತಿಕೊಂಡಿರುತ್ತೆ, ನಿಧಾನಕ್ಕೆ ಎಳೆದು ಹೊರಗೆ ತರಬೇಕು. ಜಾಸ್ತಿ ಎಳೆದ್ರೆ ಸುಳ್ಳಾಗುತ್ತೆ. ನನ್ನ ಮೊದಮೊದಲ ಫೋಟೋಗಳು ಊರಹಬ್ಬದ ಫ್ಲೆಕ್ಸ್ ಥರ ಇದ್ದವು!

ಕೆಂಪು ಯಾಕೆ ಕಮ್ಮಿ ಅಂತ ಒಬ್ಬರು ಕೇಳಿದ್ರು. ಹೈಡ್ರೋಜನ್ ಬೆಳಕು 656 ನ್ಯಾನೋಮೀಟರಿನದು. ಮಾಮೂಲಿ ಕ್ಯಾಮೆರಾ ಒಳಗಿನ ಫಿಲ್ಟರ್ ಅದರಲ್ಲಿ ಬಹುಪಾಲು ತಡೆದುಬಿಡುತ್ತೆ. ಫಿಲ್ಟರ್ ತೆಗೆಸಬಹುದು, ಆದ್ರೆ ಜಾಥಾ, ಸತ್ಯಶೋಧನಾ ವರದಿ ಎಲ್ಲಕ್ಕೂ ನನಗಿರೋದು ಇದೊಂದೇ ಸೆಕೆಂಡ್ ಹ್ಯಾಂಡ್ ಕ್ಯಾನನ್.

ಆ ರಾತ್ರಿ ಅರ್ಧ ಮುಗಿದಿತ್ತು, ಬೈಕಿನ ಲೈಟ್ ನೇರ ಲೆನ್ಸಿಗೆ ಬಿತ್ತು. ಇಬ್ಬರಿದ್ರು. "ಯಾರ್ಲಾ ಅದು? ಯಾರ ಮಗ?" ಅಪ್ಪನ ಹೆಸರು ಹೇಳಿದೆ. "ಓ, ಕೇರಿಯವ್ನಾ. ಈ ಹೊತ್ನಲ್ಲಿ ಇಲ್ಲೇನ್ಲಾ ನಿನ್ ಕೆಲ್ಸ?" ಎಲ್ಲೋ ಪಂಪ್‌ಸೆಟ್ ಕೇಬಲ್ ಕಳುವಾಗಿತ್ತಂತೆ. ಬ್ಯಾಗ್ ಬಿಚ್ಚಿಸಿದ್ರು. ಕ್ಯಾಮೆರಾ ಬಿಲ್ ತೋರಿಸಿದೆ. ಹೌದು, ಬಿಲ್ ಇಟ್ಕೊಂಡೇ ಹೋಗ್ತೀನಿ. ಹವ್ಯಾಸಿಗಳು ಬರೆಯೋ ಸಲಕರಣೆ ಪಟ್ಟಿಯಲ್ಲಿ ಅದು ಇರಲ್ಲ. ಹನ್ನೆರಡು ನಿಮಿಷ ಹೋಯ್ತು, ಹನ್ನೆರಡು ಫ್ರೇಮ್ ಹಾಳು. ಅವರು ಹೋದ್ಮೇಲೆ ಕೈ ನಡುಗೋದು ನಿಲ್ಲೋಕೆ ಸ್ವಲ್ಪ ಹೊತ್ತು ಬೇಕಾಯ್ತು. ಆಮೇಲೆ ಆ ಹನ್ನೆರಡನ್ನೂ ಮತ್ತೆ ತೆಗೆದೆ.

ಈಗ ಎರಡನೇ ಪ್ರಶ್ನೆ. ಅದು ಜನವರಿ 17ರ ರಾತ್ರಿ. 2016ರಲ್ಲಿ ರೋಹಿತ್ ವೇಮುಲನನ್ನ ಕಳ್ಕೊಂಡ ದಿನ. ಕಾರ್ಲ್ ಸಾಗನ್ ಥರ ವಿಜ್ಞಾನ ಬರೀಬೇಕು ಅಂತಿದ್ದ ಹುಡುಗ. ಸ್ಮರಣೆ ಸಭೆ ಮುಗಿಸಿ ನೇರ ಏರಿಗೆ ಹೋಗಿದ್ದೆ. ನನಗೆ ಜನ್ಮನಕ್ಷತ್ರ ಯಾವುದೂ ಗೊತ್ತಿಲ್ಲ, ಶಾಲೇಲಿ ಮೇಷ್ಟ್ರು ಬರ್ಕೊಂಡ ಜೂನ್ 1 ಇದೆ ಅಷ್ಟೇ. ನಕ್ಷತ್ರ ಅಂದ್ರೆ ಪಂಚಾಂಗದವರ ಆಸ್ತಿ ಅಂತ ಬಿಟ್ಟುಕೊಡೋಕೆ ನಾನು ತಯಾರಿಲ್ಲ.

ಇನ್ನೊಂದು ಮಾತು. ನಗರದಿಂದ ಬರೋ ಗೆಳೆಯರು ನಮ್ಮೂರ ಕತ್ತಲೆ ನೋಡಿ ಪುಣ್ಯವಂತರು ನೀವು ಅಂತಾರೆ. ಆ ಕತ್ತಲೇಲೇ ಅವ್ವನ ಕಾಲಿಗೆ ಹಾವು ಕಚ್ಚಿದ್ದು. ಕೇರಿಗೆ ಬೀದಿದೀಪ ಹಾಕಿ ಅಂತ ನಾಲ್ಕು ವರ್ಷ ಪಂಚಾಯ್ತಿಗೆ ಅರ್ಜಿ ಬರೆದವನು ನಾನೇ. ಹೋದ ವರ್ಷ ಬಂತು. ಫೋಟೋದ ಎಡಗಡೆ ಮೂಲೆಯಲ್ಲಿ ಮಂಕಾಗಿ ಬಿಳುಪು ಕಾಣ್ತಿದೆಯಲ್ಲ, ಅದು ನಮ್ಮ ಕೇರಿ ದೀಪ. ಸಾಫ್ಟ್‌ವೇರಿನಲ್ಲಿ ತೆಗೀಬಹುದಿತ್ತು, ಬೇಕಂತಲೇ ಬಿಟ್ಟಿದ್ದೀನಿ.

ಮುಂದಿನ ಅಮಾವಾಸ್ಯೆಗೆ ಹಾಸ್ಟೆಲ್ ಹುಡುಗ ಹುಡುಗೀರನ್ನ ಏರಿಗೆ ಕರ್ಕೊಂಡು ಹೋಗ್ತಿದೀನಿ. ಬರೋರು ಇನ್‌ಬಾಕ್ಸಿಗೆ ಹೇಳಿ. ಹತ್ತು ಜನ ಇದ್ರೆ ಬ್ಯಾಗ್ ಬಿಚ್ಚಿಸೋಕೆ ಯಾರೂ ಬರಲ್ಲ.