ಚಂದ್ರನ ಮೇಲೆ ನಡೆದಿದ್ದಕ್ಕೆ ನಮ್ಮದೇ ಸಾಕ್ಷಿ

“ಚಂದ್ರನ ಮೇಲೆ ಯಾರೂ ಕಾಲಿಟ್ಟಿಲ್ಲ, ಅಮೆರಿಕದವರು ಸ್ಟುಡಿಯೋದಲ್ಲಿ ಶೂಟಿಂಗ್ ಮಾಡಿದ್ದು” ಅನ್ನೋ ವಿಡಿಯೋ ನಮ್ಮೂರ ವಾಟ್ಸಾಪ್ ಗ್ರೂಪಿಗೆ ಆಗಾಗ ಬರ್ತಾನೇ ಇರುತ್ತೆ. ನಿಮ್ಮ ಗ್ರೂಪಿಗೂ ಬಂದಿರಬೇಕು. ದೊಡ್ಡಪ್ಪ ಅದನ್ನು ನನಗೇ ಕಳಿಸಿ, “ಪೇಪರ್‌ನವನು ನೀನು, ಹೇಳಪ್ಪ” ಅಂದರು.

1969ರ ಜುಲೈನಿಂದ 1972ರ ಡಿಸೆಂಬರ್‌ವರೆಗೆ ಆರು ಸಲ ಇಳಿದು 12 ಜನ ನಡೆದಿದ್ದಾರೆ, 382 ಕೆ.ಜಿ. ಕಲ್ಲು ಮಣ್ಣು ತಂದಿದ್ದಾರೆ ಅಂತ ಹೇಳಿದೆ. “ಅದನ್ನೂ ಅವರೇ ಹೇಳಿದ್ದಲ್ವಾ?” ಅಂದರು. ಪ್ರಶ್ನೆ ಸರಿಯಾಗೇ ಇತ್ತು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಂದ ಖಾತ್ರಿ ಮಾಡಿಕೊಳ್ಳಬೇಕು ಅನ್ನೋದೇ ನಮ್ಮ ಕಸುಬಿನ ಮೊದಲ ಪಾಠ.

ಆ ಇನ್ನೊಬ್ಬರು ನಮ್ಮವರೇ. ಕೆಲಸದ ಮೇಲೆ ಬೆಂಗಳೂರಿಗೆ ಬಂದರೆ ನಾನು ಉಳಿಯೋದು ಲಿಂಗರಾಜಪುರದ ಅಕ್ಕನ ಮನೆಯಲ್ಲಿ. ಅಲ್ಲಿಂದ ಸಿಟಿ ಬಸ್ಸಿನಲ್ಲಿ ಹೋಗುವಷ್ಟು ದೂರದಲ್ಲಿ, ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ, ಇಸ್ರೋದ ಯು.ಆರ್. ರಾವ್ ಉಪಗ್ರಹ ಕೇಂದ್ರವಿದೆ. ಚಂದ್ರಯಾನ-2 ಅಲ್ಲಿಯದೇ ಕೆಲಸ. 2019ರಲ್ಲಿ ಅದರ ವಿಕ್ರಮ್ ಲ್ಯಾಂಡರ್ ಅಪ್ಪಳಿಸಿತು, ನಾವೆಲ್ಲ ಬೇಜಾರಾದೆವು. ಆದರೆ ಜೊತೆಗೆ ಹೋದ ಆರ್ಬಿಟರ್ ಚಂದ್ರನ ಸುತ್ತ ತಿರುಗುತ್ತಲೇ ಉಳಿಯಿತು. ಅದರ ಕ್ಯಾಮೆರಾ ಅಪೊಲೊ 11 ಇಳಿದ ಜಾಗದ ಫೋಟೋ ತೆಗೆದಿದೆ. ನೀಲ್ ಆರ್ಮ್‌ಸ್ಟ್ರಾಂಗ್, ಬಜ್ ಆಲ್ಡ್ರಿನ್ ಬಿಟ್ಟುಬಂದ ನೌಕೆಯ ಕೆಳಭಾಗ ಇನ್ನೂ ಅಲ್ಲೇ ನಿಂತಿರುವುದು ಅದರಲ್ಲಿ ಕಾಣುತ್ತೆ.

ಇವತ್ತು ಚಂದ್ರನ ಬಗ್ಗೆ ಬಂದ ಸುಳ್ಳು ನಾಳೆ ಮಗುವಿನ ಲಸಿಕೆ ಬಗ್ಗೆ, ಬೆಳೆಗೆ ಹೊಡೆಯೋ ಔಷಧಿ ಬಗ್ಗೆ ಬರುತ್ತೆ. ಆಗ ನಷ್ಟ ನಮ್ಮದೇ ಮನೆಗೆ. ದೊಡ್ಡಪ್ಪನ ಹಾಗೆ ಕೇಳಿ. ಉತ್ತರ ಸಿಗೋವರೆಗೂ ಫಾರ್ವರ್ಡ್ ಒತ್ತಬೇಡಿ.