ಇಕ್ಕೇರಿಯಿಂದ ಉಳ್ಳಾಲಕ್ಕೆ

ಶಿವಮೊಗ್ಗೆಯ ಜಿಲ್ಲೆಯಲ್ಲಿ ಸಾಗರವೆಂಬ ಪಟ್ಟಣವಿರುವುದನ್ನು ವಾಚಕರು ಬಲ್ಲರು. ಜೋಗದ ಜಲಪಾತವನ್ನು ನೋಡಲು ಹೊರಟವರು ಅಲ್ಲಿ ಕಾಫಿ ಕುಡಿದು, ಗಂಧದ ಕೆತ್ತನೆಯ ಪೆಟ್ಟಿಗೆಯೊಂದನ್ನು ಕೊಂಡು ಮುಂದಕ್ಕೆ ಸಾಗುವುದು ವಾಡಿಕೆ. ಆ ಪಟ್ಟಣಕ್ಕೆ ಉತ್ತರದಲ್ಲಿ ಕೆಳದಿಯೂ ದಕ್ಷಿಣದಲ್ಲಿ ಇಕ್ಕೇರಿಯೂ ಕೆಲವೇ ಮೈಲಿಗಳ ದೂರದಲ್ಲಿವೆ. ೧೪೯೯ರಿಂದ ೧೭೬೩ರವರೆಗೆ ಮಲೆನಾಡನ್ನೂ ಕರಾವಳಿಯ ಬಹುಭಾಗವನ್ನೂ ಆಳಿದ ನಾಯಕರಿಗೆ ಈ ಎರಡು ಊರುಗಳೂ ಒಂದಾದಮೇಲೊಂದರಂತೆ ರಾಜಧಾನಿಗಳಾಗಿದ್ದುವು, ಬಿದನೂರು ಮೂರನೆಯದು. 'ನಾಯಕ'ರೆಂದೇ ಹೆಸರಾದವರ ನೆಲದಲ್ಲಿ ನಡೆದಾಡುವವನಿಗೆ ನಾಯಕತ್ವವೆಂದರೇನೆಂಬ ಯೋಚನೆ ಬಾರದೆ ಇರಲಾರದು.

ಈಚೆಗೆ ಆ ಸೀಮೆಯಲ್ಲಿ ಸಂಚರಿಸುವ ಅವಕಾಶವೊದಗಿದಾಗ ಬಿ.ಎ. ತರಗತಿಯಲ್ಲಿ ಓದುತ್ತಿರುವ ನಮ್ಮ ಅಣ್ಣನ ಮೊಮ್ಮಗಳು ಜೊತೆಯಲ್ಲಿದ್ದಳು. ಅವಳ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರವು ಹಳ್ಳಿಯೊಂದರಲ್ಲಿ ಏಳು ದಿನ ನಡೆಯುವುದಿತ್ತು. ವಿದ್ಯಾರ್ಥಿಗಳ ಪರವಾಗಿ ಅದರ ಮುಂದಾಳ್ತನವನ್ನು ವಹಿಸಬೇಕೆಂದು ಅಧ್ಯಾಪಕರು ಅವಳನ್ನು ಕೇಳಿದ್ದರು. ಸಹಪಾಠಿಗಳಲ್ಲಿ ಕೆಲವರಾದರೋ, "ಇವಳ ಮಾತು ಎರಡನೆಯ ಬೆಂಚಿಗೆ ಕೇಳಿಸದು, ಗದರಿಸಿ ಕೆಲಸ ಮಾಡಿಸುವವರು ಬೇಕು. ಅಡಿಗೆಯ ಉಸ್ತುವಾರಿ ಇವಳಿಗಿರಲಿ" ಎಂದಿದ್ದರಂತೆ. ಸೋಮವಾರದೊಳಗೆ ಅವಳು ಉತ್ತರ ಕೊಡಬೇಕಾಗಿತ್ತು. ಒಲ್ಲೆನೆಂದು ಬರೆದಿಟ್ಟ ಕಾಗದವು ಅವಳ ಚೀಲದಲ್ಲಿಯೇ ಇತ್ತು.

ಕೆಳದಿಯಲ್ಲಿ ರಾಮೇಶ್ವರ, ವೀರಭದ್ರ, ಪಾರ್ವತಿಯರ ಗುಡಿಗಳು ಒಂದೇ ಆವರಣದಲ್ಲಿವೆ. ವೀರಭದ್ರನ ಗುಡಿಯ ಭುವನೇಶ್ವರಿಯಲ್ಲಿ ಕಡೆದಿರುವ ಗಂಡಭೇರುಂಡವನ್ನು ಕತ್ತೆತ್ತಿ ನೋಡಿದಷ್ಟೂ ಸಾಲದು. ಸಮೀಪದ ವಸ್ತುಸಂಗ್ರಹಾಲಯದಲ್ಲಿ ತಾಳೆಯೋಲೆಯ ಗ್ರಂಥಗಳನ್ನು ಜೋಪಾನವಾಗಿರಿಸಿದ್ದಾರೆ. ನಮ್ಮಂತೆ ಗುಡಿಯನ್ನು ನೋಡಲು ಬಂದಿದ್ದ ವೃದ್ಧರೊಬ್ಬರು ತಮ್ಮ ಪರಿವಾರಕ್ಕೆ ಕಥೆ ಹೇಳುತ್ತಿದ್ದರು. ಶಿವಪ್ಪನಾಯಕನ ಶಿಸ್ತನ್ನು ಕೊಂಡಾಡಿದ ಬಳಿಕ ಅವರು, "ಚೆನ್ನಮ್ಮಾಜಿ ಹೆಣ್ಣಾದರೂ ಇಪ್ಪತ್ತೈದು ವರ್ಷ ರಾಜ್ಯವಾಳಿದಳು" ಎಂದರು. ನಮ್ಮ ಹುಡುಗಿ ಹೊರಗೆ ಬಂದಮೇಲೆ ಮೆಲ್ಲನೆ ಕೇಳಿದಳು:

"ಚಿಕ್ಕಜ್ಜ, ಆ 'ಆದರೂ' ಏಕೆ? ಶಿವಪ್ಪನಾಯಕ ಗಂಡಸಾದರೂ ಚೆನ್ನಾಗಿ ಆಳಿದನೆಂದು ಅವರು ಹೇಳಲಿಲ್ಲವಲ್ಲ?"

ವ್ಯಾಕರಣವನ್ನು ಮೂರು ದಶಕಗಳ ಕಾಲ ಬೋಧಿಸಿದವರಿಗೆ ಇಂಥ ಪ್ರಶ್ನೆ ಹಬ್ಬದೂಟದಂತೆ. 'ಮಳೆ ಬಂದರೂ ಹೋದೆನು' ಎಂದರೆ ಮಳೆ ಬಂದಾಗ ಹೋಗದಿರುವುದೇ ಸಹಜವೆಂದು ಹೇಳುವವನ ಮನಸ್ಸಿನಲ್ಲಿ ಮೊದಲೇ ನಿಶ್ಚಯವಾಗಿರುತ್ತದೆ. ಹಾಗೆಯೇ 'ಹೆಣ್ಣಾದರೂ' ಎಂಬಲ್ಲಿ ಹೆಣ್ಣು ಆಳಲಾರಳೆಂಬ ನಿಶ್ಚಯವು ಮಾತಿಗೆ ಮೊದಲೇ ಬಂದು ಕುಳಿತಿದೆ. ಆ ವೃದ್ಧರು ನಿಂದಿಸಲಿಲ್ಲ, ಹೊಗಳಿದರು. ಆದರೆ ಹೊಗಳಿಕೆಯೊಳಗೂ ಹಳೆಯ ಪಡಿಯಚ್ಚು ಅಡಗಿರಬಲ್ಲುದು.

ಚೆನ್ನಮ್ಮಾಜಿಯ ಚರಿತ್ರೆಯಾದರೂ ಆ ಅಚ್ಚಿಗೆ ಸಿಕ್ಕುವಂಥದಲ್ಲ. ಪತಿ ಸೋಮಶೇಖರನಾಯಕನ ತರುವಾಯ, ಸುಮಾರು ೧೬೭೧ರಲ್ಲಿ, ಆಕೆ ಅಧಿಕಾರವನ್ನು ಕೈಗೆತ್ತಿಕೊಂಡಳು. ೧೬೮೯ರಲ್ಲಿ ಶಿವಾಜಿಯ ಮಗನಾದ ರಾಜಾರಾಮನು ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಯ ಕೋಟೆಗೆ ಹೋಗುತ್ತಿದ್ದಾಗ, ಔರಂಗಜೇಬನ ಕೋಪಕ್ಕೆ ಗುರಿಯಾಗುವೆನೆಂದು ತಿಳಿದೂ, ತನ್ನ ಸೀಮೆಯೊಳಗೆ ಅವನಿಗೆ ಆಶ್ರಯವನ್ನಿತ್ತು ದಾಟಿಸಿದಳು. ಬಾದಶಹನ ಸೈನ್ಯ ಬಂದಿತು. ಬಿದನೂರಿನವರು ಅದನ್ನೆದುರಿಸಿ ನಿಂತರು. ಆಕೆಯ ದತ್ತುಪುತ್ರನಾದ ಬಸವಪ್ಪನಾಯಕನೇ 'ಶಿವತತ್ತ್ವರತ್ನಾಕರ'ವೆಂಬ ಬೃಹತ್ತಾದ ಸಂಸ್ಕೃತ ಗ್ರಂಥವನ್ನು ರಚಿಸಿದವನು. ರಾಜನೀತಿಯಿಂದ ಪಾಕಶಾಸ್ತ್ರದವರೆಗೆ ಅದರಲ್ಲಿಲ್ಲದ ವಿದ್ಯೆ ಅಪರೂಪ. ಅರಸನು ಬರೆದ ಗ್ರಂಥದಲ್ಲಿ ಅಡಿಗೆಯೂ ಒಂದು ವಿದ್ಯೆಯಾಗಿ ಗಣ್ಯವಾಗಿದೆಯೆಂಬುದನ್ನು ಕೇಳಿ ಹುಡುಗಿಗೆ ನಗು ಬಂದಿತು.

ಮಧ್ಯಾಹ್ನ ಇಕ್ಕೇರಿಗೆ ಬಂದೆವು. ಅಡಕೆತೋಟಗಳ ನಡುವೆ ಅಘೋರೇಶ್ವರನ ದೇವಾಲಯವು ಗಂಭೀರವಾಗಿ ನಿಂತಿದೆ. ಅರಮನೆಯ ಗುರುತು ಹೆಚ್ಚಾಗಿ ಉಳಿದಿಲ್ಲ, ದೇವಾಲಯವು ಉಳಿದಿದೆ. ಇಲ್ಲಿ ನೋಡತಕ್ಕವು ಎರಡು. ಒಂದು, ಗರ್ಭಗುಡಿಯ ಮುಂದೆ ನೆಲದ ಮೇಲೆ ಕೆತ್ತಿರುವ ಮೂವರು ನಾಯಕರ ಆಕೃತಿಗಳು. ಸಾಷ್ಟಾಂಗವೆರಗಿರುವ ಆ ಅರಸರ ಮೇಲೆಯೇ ಭಕ್ತರ ಪಾದಧೂಳಿ ಬೀಳುತ್ತದೆ; ಅವರಲ್ಲೊಬ್ಬನ ಕೈಕಾಲುಗಳಿಗೆ ಸಂಕೋಲೆಯನ್ನೂ ಬಿಡಿಸಿದ್ದಾರೆ. ಇನ್ನೊಂದು, ತೋಟಗಳನ್ನು ಅಳೆಯುವ ಗಳೆಯ ಪ್ರಮಾಣ. ಹದಿನೆಂಟು ಅಡಿ ಆರು ಅಂಗುಲದ ಈ ಅಳತೆಯನ್ನು ದೇವಾಲಯದ ಕಲ್ಲಿನಲ್ಲಿಯೇ ನೆಲೆಗೊಳಿಸಿದ್ದರು. ಶಿವಪ್ಪನಾಯಕನು (೧೬೪೫-೧೬೬೦) ಕಂದಾಯವನ್ನು ಗೊತ್ತುಮಾಡುವ ಮೊದಲು ಊರೂರಿನಲ್ಲಿ ಬಗೆಬಗೆಯ ಭೂಮಿಯನ್ನು ಹನ್ನೆರಡು ವರ್ಷಗಳ ಕಾಲ ತಾನೇ ಸಾಗುವಳಿ ಮಾಡಿಸಿ, ಬಿತ್ತಿದ್ದೆಷ್ಟು, ಬೆಳೆದುದೆಷ್ಟು, ಖರ್ಚೆಷ್ಟು ಎಂದು ಬರೆಯಿಸಿ, ಸರಾಸರಿ ತೆಗೆದು, ಫಸಲಿನ ಮೂರನೆಯ ಒಂದು ಭಾಗವನ್ನು ಕಂದಾಯವಾಗಿ ನಿಶ್ಚಯಿಸಿದನೆಂದು ಪ್ರಸಿದ್ಧಿ. 'ಶಿಸ್ತು' ಎಂದು ನಾಡು ನೆನೆಯುವುದು ಇದನ್ನೇ. ಇಂದು ನಾವು ಶಿಸ್ತೆಂದರೆ ಬೆತ್ತವೆಂದೂ ಗದರಿಕೆಯೆಂದೂ ತಿಳಿಯುತ್ತೇವೆ.

"ಹಾಗಾದರೆ ಅಳತೆಗೋಲು ಅಧಿಕಾರಿಯ ಕೈಯಲ್ಲಿರಲಿಲ್ಲ, ಎಲ್ಲರೂ ಬರುವ ಗುಡಿಯಲ್ಲಿತ್ತು" ಎಂದಳು ಹುಡುಗಿ. ಕಂಬಗಳ ನಡುವಣ ಅಂತರವನ್ನು ತನ್ನ ಹೆಜ್ಜೆಗಳಿಂದ ಎರಡು ಬಾರಿ ಅಳೆದು ನೋಡಿದಳು.

ಮರುದಿನ ಘಟ್ಟವನ್ನಿಳಿದೆವು. ಗೇರುಸೊಪ್ಪೆಯ ದಾರಿ ಕಾಡಿನ ದಾರಿ. ತಿರುವು ತಿರುವಿಗೂ ಶರಾವತಿಯ ಕಣಿವೆ ಬೇರೊಂದು ಬಣ್ಣದಲ್ಲಿ ಕಾಣುತ್ತದೆ. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ'ಯೆಂದು ಕರೆದರು. ಕಾಳುಮೆಣಸಿನ ವ್ಯಾಪಾರದ ಕೀಲಿಕೈ ಆಕೆಯಲ್ಲಿತ್ತು. ಕಡೆಗೆ ಆಕೆಯ ರಾಜ್ಯವನ್ನು ಗೆದ್ದವನು ಇಕ್ಕೇರಿಯ ವೆಂಕಟಪ್ಪನಾಯಕ.

ಇದೇ ದಾರಿಯಲ್ಲಿ, ನಾವಿಳಿದ ಘಟ್ಟವನ್ನು ಹತ್ತಿ, ೧೬೨೩ರ ನವೆಂಬರಿನಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮಿನ ಪ್ರವಾಸಿ ಇಕ್ಕೇರಿಗೆ ಹೋದನು. ದಾರಿಯಲ್ಲಿ ಒಂದು ಗುಡಿಯ ಜಗಲಿಯ ಮೇಲೆ ಅವನು ಕಂಡ ನೋಟವೊಂದು ಉಪಾಧ್ಯಾಯರೆಲ್ಲರೂ ತಿಳಿಯತಕ್ಕದ್ದು. ನಾಲ್ವರು ಹುಡುಗರು ಲೆಕ್ಕವನ್ನು ಕಲಿಯುತ್ತಿದ್ದರು. ಒಬ್ಬನು ರಾಗವಾಗಿ ಹೇಳುವನು. ಹೇಳುತ್ತ ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಬರೆಯುವನು. ಉಳಿದವರೂ ಹಾಗೆಯೇ ಹೇಳಿ ಬರೆಯುವರು. ಗುರುವಿರಲಿಲ್ಲ. ತಪ್ಪಿದರೆ ಗತಿಯೇನೆಂದು ಪ್ರವಾಸಿ ಕೇಳಲು, ನಾಲ್ವರೂ ಒಂದೇ ಎಡೆಯಲ್ಲಿ ತಪ್ಪಲಾರೆವು, ತಪ್ಪಿದವನನ್ನು ಉಳಿದವರು ತಿದ್ದುವೆವು ಎಂದರಂತೆ. ಹೊನ್ನಾವರದಲ್ಲಿ ಮಂಗಳೂರಿನ ರೈಲಿಗೆ ಕಾದಿದ್ದಾಗ ಈ ವೃತ್ತಾಂತವನ್ನು ಹೇಳಿದೆವು. ಹುಡುಗಿ ಬಹಳ ಹೊತ್ತು ಮಾತಾಡಲಿಲ್ಲ.

ಮಂಗಳೂರಿನಿಂದ ನೇತ್ರಾವತಿಯ ಸೇತುವೆಯನ್ನು ದಾಟಿದರೆ ಉಳ್ಳಾಲ. ಅಲ್ಲಿಂದ ತುಸು ತೆಂಕಣಕ್ಕೆ ಸೋಮೇಶ್ವರನ ಗುಡಿ ಕಡಲಿನಂಚಿನ ಬಂಡೆಗಳ ಮೇಲಿದೆ. ಅಲೆಗಳ ಮೊರೆತಕ್ಕೆ ಗಂಟೆಯ ಸದ್ದೂ ಅಡಗುತ್ತದೆ. ಚೌಟ ವಂಶದ ರಾಣಿಯರು ಆಳಿದ ಸೀಮೆ ಇದು. ಪೋರ್ಚುಗೀಸರನ್ನು ಎದುರಿಸಿದ ಅಬ್ಬಕ್ಕನ ಹೆಸರನ್ನು ಇಲ್ಲಿಯ ಮಕ್ಕಳೂ ಬಲ್ಲರು. ಅಳಿಯಸಂತಾನದ ಕಟ್ಟಳೆ ನಡೆಯುತ್ತಿದ್ದ ತುಳುನಾಡಿನಲ್ಲಿ ಹೆಣ್ಣು ಪಟ್ಟವೇರುವುದು ಅಚ್ಚರಿಯ ಸಂಗತಿಯಾಗಿರಲಿಲ್ಲ. ಘಟ್ಟದ ಮೇಲೆ ನಾವು ಕೇಳಿದ 'ಆದರೂ' ಎಂಬ ಮಾತಿಗೆ ಘಟ್ಟದ ಕೆಳಗೆ ಎಡೆಯಿಲ್ಲ. ಆದಕಾರಣ ಅದು ಸೃಷ್ಟಿನಿಯಮವಲ್ಲ, ಕೇವಲ ರೂಢಿಯೆಂಬುದು ಸ್ಪಷ್ಟವಾಗುತ್ತದೆ.

ದೆಲ್ಲಾ ವಾಲ್ಲೆಯು ಇಕ್ಕೇರಿಯಿಂದ ಇಳಿದು ಬಂದು ಅದೇ ವರ್ಷದ ಡಿಸೆಂಬರಿನಲ್ಲಿ ಉಳ್ಳಾಲದ ರಾಣಿಯನ್ನು ಕಾಣಬಯಸಿದನು. ಆಕೆ ವೆಂಕಟಪ್ಪನಾಯಕನ ಮಿತ್ರಪಕ್ಷದವಳು. ಯೂರೋಪಿನ ಅರಮನೆಗಳನ್ನು ಕಂಡಿದ್ದ ಅವನಿಗೆ ಸಿಂಹಾಸನವೂ ಸಭೆಯೂ ಕಾಣಲಿಲ್ಲ. ದಾರಿಯಲ್ಲಿ ಬರಿಗಾಲಿನಲ್ಲಿ, ಸಾದಾ ಹತ್ತಿಯ ಬಟ್ಟೆಯುಟ್ಟು, ಕೊಡೆ ಹಿಡಿದವರೊಡನೆ ನಡೆದು ಬರುತ್ತಿದ್ದ ಹೆಂಗಸೇ ರಾಣಿ! ನೀರು ಹಾಯಿಸಲು ಹೊಸದಾಗಿ ತೋಡಿಸುತ್ತಿದ್ದ ಕಾಲುವೆಗಳನ್ನು ನೋಡಿಕೊಳ್ಳಲು ಆಕೆ ಹೊರಟಿದ್ದಳು. ರೂಪವನ್ನೂ ಉಡಿಗೆಯನ್ನೂ ಕಂಡರೆ ಅಡಿಗೆಯವಳೋ ಅಗಸಗಿತ್ತಿಯೋ ಎನ್ನಬಹುದಾಗಿತ್ತೆಂದು ಅವನು ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಆದರೆ ಆಕೆ ಮಾತಾಡತೊಡಗಿದಾಗ ಅದು ಒಬ್ಬ ವಿವೇಕಿಯ ಮಾತೆಂಬುದನ್ನೂ ಅಷ್ಟೇ ಪ್ರಾಮಾಣಿಕವಾಗಿ ಬರೆದಿದ್ದಾನೆ. ತನ್ನ ಮನಸ್ಸಿನಲ್ಲಿದ್ದ ರಾಣಿಯ ಚಿತ್ರವು ಎದುರಿಗಿದ್ದ ರಾಣಿಗೆ ಹೊಂದದಿದ್ದರೂ ಕಂಡದ್ದನ್ನೇ ಬರೆದುದು ಅವನ ಹಿರಿಮೆ.

ನಮ್ಮ ಚಿತ್ರಕಾರರು ಮಾತ್ರ ಇಂದಿಗೂ ರಾಣಿಯೆಂದೊಡನೆ ಖಡ್ಗವನ್ನೂ ಕುದುರೆಯನ್ನೂ ಬರೆಯುತ್ತಾರೆ. ಶೌರ್ಯ ಸುಳ್ಳಲ್ಲ. ಆದರೆ ಒಬ್ಬಳು ಮೆಣಸಿನ ಬೆಲೆಯನ್ನರಿತವಳು, ಒಬ್ಬಳು ಶರಣಾಗತನನ್ನು ಕೈಬಿಡದವಳು, ಇನ್ನೊಬ್ಬಳು ಬಿಸಿಲಿನಲ್ಲಿ ಕಾಲುವೆಯ ಕೆಲಸ ನೋಡಿದವಳು. ಮೂವರನ್ನೂ ಒಂದೇ ಅಚ್ಚಿನಲ್ಲಿ ಎರಕಹೊಯ್ದರೆ ಕಲಿಯಬೇಕಾದ ಪಾಠವೇ ಕರಗಿಹೋಗುತ್ತದೆ. ಸಂಸ್ಕೃತದಲ್ಲಿ 'ನಾಯಕ' ಶಬ್ದಕ್ಕೆ ಮೂಲವಾದ 'ನೀ' ಧಾತುವಿಗೆ ತಲುಪಿಸುವುದೆಂದು ಅರ್ಥ. ಗಟ್ಟಿಯಾಗಿ ಕೂಗುವುದೆಂದಾಗಲಿ, ಎಲ್ಲರಿಗಿಂತ ಮುಂದೆ ಓಡುವುದೆಂದಾಗಲಿ ಅರ್ಥವಿಲ್ಲ. ಜೊತೆಯವರು ಗುರಿಯನ್ನು ಮುಟ್ಟಿದರೆ ಅವನು ನಾಯಕ, ಅವಳು ನಾಯಕಿ.

ಸೋಮೇಶ್ವರದ ಬಂಡೆಯ ಮೇಲೆ ಕುಳಿತು ಹುಡುಗಿ ಚೀಲದಿಂದ ಕಾಗದವನ್ನು ತೆಗೆದಳು. ಒಲ್ಲೆನೆಂಬುದನ್ನು ಹೊಡೆದುಹಾಕಿ ಅದರ ಬೆನ್ನಿಗೆ ಮೂರು ಮಾತುಗಳನ್ನು ಬರೆದಳು. ಅಡಿಗೆಯೂ ಗುದ್ದಲಿಯ ಕೆಲಸವೂ ಹುಡುಗರಿಗೂ ಹುಡುಗಿಯರಿಗೂ ಸರದಿಯಂತೆ ಬರತಕ್ಕದ್ದು. ಖರ್ಚಿನ ಲೆಕ್ಕವನ್ನು ದಿನವೂ ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸತಕ್ಕದ್ದು. ರಾತ್ರಿಯ ಸಭೆಯಲ್ಲಿ ನಾಯಕಿಯ ತಪ್ಪನ್ನು ಯಾರು ಬೇಕಾದರೂ ತೋರಿಸಬಹುದು. ಈ ಕಟ್ಟಳೆಗಳಿಗೆ ಒಪ್ಪಿದರೆ ತಾನು ಸಿದ್ಧಳೆಂದು ಕೊನೆಯಲ್ಲಿ ಬರೆದು, ನಮಗೆ ಓದಿ ಹೇಳಿದಳು. ಕಡಲಿನ ಮೊರೆತದಲ್ಲಿ ಅವಳ ದನಿ ಕೇಳಿಸಲಿಲ್ಲ. ಹತ್ತಿರಕ್ಕೆ ಸರಿದು ಕುಳಿತು ಕೇಳಿದೆವು.

ಶಿಬಿರವು ನಡೆದು ಮುಗಿಯಿತು. ಹಳ್ಳಿಯ ಶಾಲೆಗೆ ಒಂದು ಮೋರಿಯೂ ಒಂದು ಕೈತೋಟವೂ ಆದುವು. ಮೂರನೆಯ ದಿನದ ಲೆಕ್ಕದಲ್ಲಿ ನಲವತ್ತು ರೂಪಾಯಿ ತಪ್ಪಿತ್ತೆಂದೂ, ಅವಳ ದನಿಯನ್ನು ಹಾಸ್ಯಮಾಡಿದ್ದ ಹುಡುಗನೇ ಗೋಡೆಯ ಮುಂದೆ ನಿಂತು ಅದನ್ನು ಕಂಡುಹಿಡಿದನೆಂದೂ, ಮರುದಿನದಿಂದ ಲೆಕ್ಕದ ಪುಸ್ತಕವನ್ನು ಅವನಿಗೇ ಒಪ್ಪಿಸಿದೆನೆಂದೂ ಅವಳು ಬರೆದಿದ್ದಾಳೆ.